ಶಾರ್ಕಿನ ಬಾಯಿ, ಅಣಬೆಯ ಬುಡ

ನಮ್ಮಣ್ಣ ಅಣಬೆಯವನು, ನಾನು ಶಾರ್ಕಿನವನು. ಒಂದೇ ಮ್ಯೂಸಿಯಂನಲ್ಲಿ ಇಪ್ಪತ್ತು ವರ್ಷ ಎದುರುಬದುರು ಕೊಠಡಿ. ಜನ ಮಾತ್ರ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು ಬಂತು.

ಮ್ಯೂಸಿಯಂನ ಮುಖ್ಯಸ್ಥೆಯಾಗಿ ಹೊಸದಾಗಿ ಬಂದ ಮೇಡಂ, ಎರಡರಲ್ಲಿ ಒಂದು ಕೊಠಡಿ ಮುಚ್ಚುತ್ತೇನೆ ಎಂದರು. ಇಬ್ಬರೂ ನಮ್ಮ ನಮ್ಮ ಜೀವಿಯನ್ನು ಒಂದೇ ಮೇಜಿನ ಮೇಲಿಟ್ಟು ಹೋಲಿಸಿ ತೋರಿಸಬೇಕು; ಸೋತವನು ಮನೆಗೆ. ಅಣ್ಣನಿಗೆ ಕಣ್ಣು ಮಂಜು. ಕಾಡಿನಿಂದ ತಂದ ಅಣಬೆಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿಕೊಡು ಎಂದು ನನ್ನನ್ನೇ ಕೇಳಿದ. ವಿಷದ ಅಣಬೆಯ ಬುಡಕ್ಕೆ ಚೀಲದಂಥ ಬಿಳಿ ಪೊರೆ ಇರುತ್ತದೆ, ಗುರುತು ಅದೇ. ಅಂಥದೊಂದರ ಬುಡ ಮುರಿದು ಜೇಬಿಗೆ ಹಾಕಿಕೊಂಡೆ. ಅಣ್ಣ ಅದನ್ನು ಒಳ್ಳೆಯದೆನ್ನಬೇಕು, ನಾನು ಬುಡ ತೆಗೆದು ತೋರಿಸಬೇಕು, ಎಲ್ಲರೆದುರು ಅವನ ಮಾನ ಹೋಗಬೇಕು. ತೊಳೆಯುವಾಗ ಮುರಿಯಿತು ಎಂದರಾಯಿತು.

ಮೊದಲು ನನ್ನ ಸರದಿ. ಬಾಟಲಿಯಲ್ಲಿದ್ದ ಆಳಸಮುದ್ರದ ಶಾರ್ಕ್ ತೋರಿಸಿ, ಬದುಕಿದ್ದಾಗ ಇದರ ಹೊಟ್ಟೆ ಬೆಳಗುತ್ತಿತ್ತು ಎಂದೆ. ಈಗ ಅದು ಹಳೇ ಕಾಲುಚೀಲದ ಹಾಗಿತ್ತು. ಮೇಡಂ ಆಕಳಿಸಿದರು.

ಅಣ್ಣ ನಕ್ಕ. "ಇದಕ್ಕೆ ಬಾಯ್ತುಂಬ ಹಲ್ಲು, ಆದ್ರೆ ಒಬ್ಬ ಮನುಷ್ಯನನ್ನೂ ಕಚ್ಚಿಲ್ಲ. ಅಷ್ಟು ಆಳಕ್ಕೆ ಯಾರು ಹೋಗ್ತಾರೆ? ನನ್ನ ಅಣಬೆಗೆ ಬಾಯೇ ಇಲ್ಲ. ಮರದ ಕೆಳಗೆ ಸುಮ್ನೆ ನಿಂತ್ಕೊಂಡು ಇಡೀ ಮನೆಯನ್ನೇ ಮುಗಿಸುತ್ತೆ."

ಮೇಡಂ ಕಣ್ಣರಳಿಸಿದರು. ತಟ್ಟೆಯಲ್ಲಿ ತಿನ್ನಬಹುದಾದದ್ದು ಯಾವುದು ಎಂದು ಕೇಳಿದರು. ಅಣ್ಣ ನಾನು ಬುಡ ಮುರಿದದ್ದನ್ನೇ ಎತ್ತಿಕೊಂಡ. ಅಷ್ಟೊಂದು ನಂಬಿಕೆಯೇ ಎಂದು ಮೇಡಂ ಕೆಣಕಿದರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವನು ಅದನ್ನು ಅಗಿದು ನುಂಗಿಬಿಟ್ಟಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಣಬೆ ಕೊಠಡಿ ಉಳಿಯಿತು. ನಾನು ಬಾಯಿ ಬಿಡಲಿಲ್ಲ. ಆ ವಿಷ ಹತ್ತು ಹನ್ನೆರಡು ಗಂಟೆ ಸುಮ್ಮನಿದ್ದು ಆಮೇಲೆ ತನ್ನ ಕೆಲಸ ಶುರು ಮಾಡುತ್ತದೆ. ಈಗಲೇ ಆಸ್ಪತ್ರೆಗೆ ಓಡಿದರೆ ಜೀವ ಉಳಿದೀತು. ಇದನ್ನೆಲ್ಲ ನನಗೆ ಕಲಿಸಿದವನು ಅವನೇ.

ಮಧ್ಯಾಹ್ನ ಅಣ್ಣ ನನ್ನ ಕೊಠಡಿಗೆ ಬಂದು ಹೆಗಲ ಮೇಲೆ ಕೈ ಹಾಕಿದ.

"ಮೇಡಂ ಹತ್ರ ಮಾತಾಡಿದೀನಿ ಕಣೋ. ನೀನು ಎಲ್ಲೂ ಹೋಗೋದು ಬೇಡ. ನನ್ನ ಕೊಠಡೀಲೇ ನಿನ್ನ ಶಾರ್ಕಿಗೆ ಅರ್ಧ ಜಾಗ. ನಾಳೆ ಬೆಳಿಗ್ಗೆ ಇಬ್ಬರೂ ಸೇರಿ ಸಾಗಿಸೋಣ."

ಅರ್ಧವಂತೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಆಯ್ತಣ್ಣ, ನಾಳೆ," ಎಂದೆ. ದಣಿದಿದ್ದೀಯ, ಬೇಗ ಮನೆಗೆ ಹೋಗಿ ಮಲಗು ಎಂದೂ ಹೇಳಿದೆ.

ಅವನು ಹೊರಟ ಮೇಲೆ ಟೇಪು ಹಿಡಿದು ಅವನ ಕೊಠಡಿಗೆ ಹೋದೆ. ನನ್ನ ಬಾಟಲಿಗಳಿಗೆಂದು ಈ ಗೋಡೆಯಿಂದ ಆ ಗೋಡೆಯವರೆಗೂ ಅಳತೆ ತೆಗೆದುಕೊಂಡೆ.