ಎರಡು ಬೆರಳು ಕೆಳಗೆ

ಜುಲೈ ತಿಂಗಳಲ್ಲಿ ನಾನು ಡೆಸ್ಮಂಡ್ ಆಲ್ಕಾಟ್‌ಗೆ ಕ್ಷಮೆ ಕೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಸಿಟ್ಟೆಲ್ಲ ಸುತ್ತಿ ಬಳಸಿ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಕಾವೆಂಟ್ರಿಯಿಂದ ಹನ್ನೆರಡು ಮೈಲಿ ಆಚೆ, ಕಾಲುವೆಯ ಪಕ್ಕ, ಅಪ್ಪ ಕಟ್ಟಿದ ಗ್ಯಾರೇಜು ನನ್ನದು. ಹಳೆಯ ಸ್ಪೋರ್ಟ್ಸ್ ಕಾರು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ನಮ್ಮ ಕಾರ್ ಕ್ಲಬ್ಬಿನ ತಿಂಗಳ ಪತ್ರಿಕೆಯ ಕೊನೆಯ ಪುಟದಲ್ಲಿ 'ನಂಬಿ ಬಿಡಬಹುದಾದ ಗ್ಯಾರೇಜುಗಳು' ಅಂತ ನಾಲ್ಕು ಹೆಸರಿರುತ್ತವೆ. ಅದರಲ್ಲಿ ಒಂದು ಲೋರ್ನಾ, ಅಂದರೆ ನಾನು. ಗಿರಾಕಿಗಳು ಬರುವುದೇ ಆ ಪುಟ ನೋಡಿ. ಅಲ್ಲಿಂದ ಹೆಸರು ಹೋದರೆ ಗ್ಯಾರೇಜಿಗೆ ಬೀಗ.

ಡೆಸ್ಮಂಡ್ ನಮ್ಮ ಕ್ಲಬ್ಬಿನ ತೀರ್ಪುಗಾರ. ಪ್ರದರ್ಶನದ ದಿನ ಬಿಳಿ ಕೋಟು ಹಾಕಿಕೊಂಡು, ಬೇರೆಯವರ ಕಾರಿನ ಸ್ಕ್ರೂ ತಲೆ ಯಾವ ಕಡೆ ತಿರುಗಿದೆ ಅಂತ ನೋಡಿ ಅಂಕ ಕತ್ತರಿಸುವವನು. ಅವನದೇ ಕಾರು 1958ರದು. ಎರಡೇ ಸೀಟು, ಕಡು ಹಸಿರು. ನಿವೃತ್ತನಾದ ಮೇಲೆ ಕೊಂಡಿದ್ದು. ಕಳೆದ ಚಳಿಗಾಲದಲ್ಲಿ ಅದರ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟೆ. ಮೇ ತಿಂಗಳಲ್ಲಿ ಫೋನು ಬಂತು.

"ನೀರು ಕುಡೀತಾ ಇದೆ, ಪುಟ್ಟಿ. ದಿನಾ ಬೆಳಿಗ್ಗೆ ನೋಡಿದ್ರೆ ಎರಡು ಬೆರಳು ಕಡಿಮೆ. ಏನು ಮಾಡಿಟ್ಟಿದೀಯ?"

ನನಗೆ ಐವತ್ತಾರು ವರ್ಷ. ಪುಟ್ಟಿಯಂತೆ.

ಕಾರು ತರಿಸಿದೆ. ರೇಡಿಯೇಟರಿನ ಬಾಯಿಗೆ ಪಂಪು ಕಚ್ಚಿಸಿ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಕಾದೆ, ಮಾಪಕದ ಮುಳ್ಳು ಕದಲಲಿಲ್ಲ. ಮುಚ್ಚಳದ ಸ್ಪ್ರಿಂಗು ಗಟ್ಟಿಯಾಗಿತ್ತು. ನೀರಿನ ಪಂಪಿನ ಕೆಳಗೆ ಬೆರಳಾಡಿಸಿದೆ, ಒಣಗಿತ್ತು. ಹೀಟರ್ ಸೋರಿ ಕಾಲ ಬಳಿಯ ಕಾರ್ಪೆಟ್ ನೆನೆದಿದೆಯೇನೋ ಅಂತ ಮೂಸಿಯೂ ನೋಡಿದೆ. ಆಯಿಲಿಗೆ ನೀರು ಬೆರೆತರೆ ಕಟ್ಟುವ ಬೆಣ್ಣೆಯಂಥ ಕೆನೆ ಅದರ ಮುಚ್ಚಳದಡಿ ಇರಲಿಲ್ಲ. ಇಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಬಿಗಿಮಾಡುವ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೊಗೆ ನೀರಿಗೆ ಸೇರಿ ಪರೀಕ್ಷೆಯ ನೀಲಿ ದ್ರಾವಣ ಹಳದಿಯಾಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು.

"ಮಟ್ಟಕ್ಕೆ ತಾನೇ ತುಂಬಿಸ್ತಿರೋದು?" ಅಂತ ಕೇಳಿದ್ದೆ.

"ಮಟ್ಟಕ್ಕೇ. ನನಗೇ ಹೇಳಿಕೊಡ್ತೀಯಾ?"

ತೀರ್ಪುಗಾರ ಹೇಳಿದ ಮೇಲೆ ಮುಗಿಯಿತು. ಹೊರಹೋಗುವ ನೀರನ್ನು ಹಿಡಿದು ಅಳೆಯೋಣವೆಂದು ರೇಡಿಯೇಟರಿನ ಕಂಠದಿಂದ ಇಳಿಯುವ ಸಣ್ಣ ಕೊಳವೆಯ ತುದಿಗೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಕೂರಿಸಿದೆ. ಮೂರನೇ ದಿನಕ್ಕೆ ಬಿಚ್ಚಿ ತಂದುಕೊಟ್ಟ. "1958ರಲ್ಲಿ ಇದು ಇರ್ಲಿಲ್ಲ. ನನ್ನ ಕಾರಿಗೇ ಅಂಕ ಕತ್ತರಿಸಿಕೊಳ್ಳಲಾ?"

ಗುರುವಾರದ ಕೂಟಗಳಲ್ಲಿ ಅವನು ಮಾಡುತ್ತಿದ್ದುದು ಇನ್ನೊಂದು. ಪಬ್ಬಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಅಡಿಯಲ್ಲಿ ಕೂಲೆಂಟ್ ಬೆರೆತ ಹಸಿರು ನೀರು ಮಡುಗಟ್ಟುವವರೆಗೆ ಕಾದು, ಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡಿ, ಲೋರ್ನಾಳ ಕೈಗುಣ."

ಜುಲೈನಲ್ಲಿ ಮತ್ತೆ ಹೆಡ್ ಬಿಚ್ಚಿದೆ. ಗ್ಯಾಸ್ಕೆಟ್ ನಾನು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಆದರೂ ಬದಲಾಯಿಸಿದೆ. ಅವನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಆಗ ನನ್ನ ಬಾಯಿಂದ ಬಂತು: "ಸಾರಿ ಡೆಸ್ಮಂಡ್, ಎಲ್ಲೋ ನನ್ನ ಕೈ ತಪ್ಪಿರಬೇಕು."

ನಮ್ಮ ಇಂಗ್ಲಿಷ್ ಜನರಲ್ಲಿ ಸಾರಿ ಅಗ್ಗ. ಕಾಲು ತುಳಿಸಿಕೊಂಡವರೇ ಸಾರಿ ಅನ್ನುತ್ತಾರೆ. ಬಾಗಿಲಿಗೆ ತಲೆ ಹೊಡೆದುಕೊಂಡರೆ ಬಾಗಿಲಿಗೂ ಒಂದು ಸಾರಿ. ಇದು ಅಂಥದ್ದಲ್ಲ, ಇದನ್ನು ನಂಬಿ ಹೇಳಿದ್ದೆ. ಎಲ್ಲ ಪರೀಕ್ಷೆಯೂ ಕೈ ಸರಿಯಿದೆ ಅಂತ ಹೇಳುತ್ತಿರುವಾಗ, ಮೂವತ್ತೆಂಟು ವರ್ಷ ದುಡಿದ ಕೈಯನ್ನು ಬಿಟ್ಟು ಅವನ ಮಾತನ್ನು ನಂಬಿದೆ. ಅವನು ಆ ಸಾರಿಯನ್ನು ಜೇಬಿಗೆ ಹಾಕಿಕೊಂಡು ಸೀದಾ ಪಬ್ಬಿಗೆ ಹೋದ. "ಅವಳೇ ಒಪ್ಪಿಕೊಂಡಿದಾಳೆ" ಅಂದನಂತೆ.

ನೀರು ಇಳಿಯುವುದು ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಗ್ವಿನ್ ಫೋನು ಮಾಡಿದ. "ಬೇಜಾರು ಮಾಡ್ಕೋಬೇಡಮ್ಮ. ಕೊನೇ ಪುಟದಲ್ಲಿ ನಿನ್ನ ಹೆಸರು ಇರಬೇಕೋ ಬೇಡವೋ ಅಂತ ಈ ಗುರುವಾರ ತೀರ್ಮಾನ ಮಾಡ್ತಾರೆ."

ಆ ವಾರವೆಲ್ಲ ಕಾರನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೆ. ಐಸ್ ಕ್ಯಾಂಡಿಯ ಕಡ್ಡಿಗೆ ಗೆರೆ ಹಾಕಿಕೊಂಡು ದಿನಾ ನಲವತ್ತು ಮೈಲಿ ಓಡಿಸಿ, ದಿನಾ ಬೆಳಿಗ್ಗೆ ಅದ್ದಿ ನೋಡಿದೆ. ಏಳು ದಿನವೂ ನೀರು ಅದೇ ಗೆರೆಯಲ್ಲಿ. ಬುಧವಾರ ಕಾರು ಕೊಟ್ಟೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಅವನ ಮನೆಯ ಗೇಟಿನ ಹತ್ತಿರ ವ್ಯಾನು ನಿಲ್ಲಿಸಿಕೊಂಡು ಕುಳಿತೆ.

ಡೆಸ್ಮಂಡ್ ಅಡುಗೆಮನೆಯ ಜಗ್ಗು ಹಿಡಿದು ಬಂದ. ಬಾನೆಟ್ ಎತ್ತಿದ, ರೇಡಿಯೇಟರಿನ ಮುಚ್ಚಳ ತೆಗೆದ, ಜಗ್ಗಿನಿಂದ ಸುರಿದ. ನೀರು ಕಂಠದ ಅಂಚಿಗೆ ಬಂದು ತುಳುಕುವವರೆಗೆ ಸುರಿದ. ಹಿಂದೆ ಬಾಗಿಲಲ್ಲಿ ಅವನ ಹೆಂಡತಿ ಹೆಟ್ಟಿ ಗೌನು ತೊಟ್ಟು ನಿಂತಿದ್ದಳು.

ನಾನು ವ್ಯಾನಿನಿಂದ ಇಳಿದೆ.

"ದಿನಾ ಹೀಗೇನಾ ತುಂಬೋದು?"

"ತುಂಬೋದು ಅಂದ್ರೆ ತುಂಬೋದು. ನಮ್ಮಪ್ಪ ಟ್ರ್ಯಾಕ್ಟರಿಗೆ ಹೀಗೇ ತುಂಬ್ತಿದ್ದ."

"ಬಿಸಿಯಾದ್ರೆ ನೀರು ಉಬ್ಬುತ್ತೆ ಡೆಸ್ಮಂಡ್. ಹೆಚ್ಚಾಗಿದ್ದನ್ನ ಆ ಸಣ್ಣ ಕೊಳವೆಯಿಂದ ಹೊರಗೆ ಹಾಕುತ್ತೆ. ತಣ್ಣಗಾದ್ಮೇಲೆ ಕಂಠಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲುತ್ತೆ. ಅದೇ ಮಟ್ಟ. ನೀವು ಮತ್ತೆ ತುಂಬ್ತೀರಿ, ಅದು ಮತ್ತೆ ಉಗುಳುತ್ತೆ. ಮೇ ತಿಂಗಳಿಂದ ನಡೀತಿರೋದು ಇಷ್ಟೇ."

ಅವನು ಜಗ್ಗಿನೊಳಗೆ ನೋಡಿದ. ಆಮೇಲೆ ಆಕಾಶ ನೋಡಿದ. "ಟೀ ಕುಡೀತೀಯಾ?" ಅಂದ.

ನಮ್ಮ ಜನ ಹೇಳಬೇಕಾದ್ದನ್ನೆಲ್ಲ ಹೀಗೆ ಟೀ ಹೊಯ್ದು ಮುಚ್ಚುತ್ತಾರೆ. ನಾನು ಕುಡಿಯಲಿಲ್ಲ.

ಆ ಸಂಜೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಗ್ವಿನ್ ನನ್ನ ವಿಷಯ ಎತ್ತುವ ಮೊದಲೇ ಡೆಸ್ಮಂಡ್ ಎದ್ದು ನಿಂತ.

"ಒಂದು ಸಂತೋಷದ ಸುದ್ದಿ. ಲೋರ್ನಾ ಕೊನೆಗೂ ಸರಿಮಾಡಿಕೊಟ್ಟಳು. ತಪ್ಪು ಯಾರಿಂದ ಆಗಲ್ಲ ಹೇಳಿ. ಅವಳ ಹೆಸರು ಇರಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ವಿನ್ ನನ್ನ ಕಡೆ ನೋಡಿ ನಕ್ಕು, ಕಾಗದದ ಮೇಲೆ ಗುರುತು ಹಾಕಿದ. ನನಗೆ ಬೇಕಾದ್ದು ಸಿಕ್ಕಿತ್ತು. ಸುಮ್ಮನೆ ಕೂತಿದ್ದರೆ ಎಲ್ಲ ಸುಸೂತ್ರ. ನಾನು ಎದ್ದು ನಿಂತೆ.

"ನಾನು ಏನನ್ನ ಸರಿ ಮಾಡಿದೆ, ಡೆಸ್ಮಂಡ್?" ಅಂದೆ. "ಇವರಿಗೆ ಹೇಳಿ."

"ಬಿಡು ಪುಟ್ಟಿ. ಒಳ್ಳೇದನ್ನೇ ಹೇಳಿದೀನಲ್ಲ."

"ಏನೂ ಕೆಟ್ಟಿರಲಿಲ್ಲ. ಡೆಸ್ಮಂಡ್ ದಿನಾ ರೇಡಿಯೇಟರನ್ನ ಕಂಠದವರೆಗೆ ತುಂಬಿಸ್ತಿದ್ರು. ಅಷ್ಟೇ ರೋಗ."

ರೇಡಿಯೇಟರನ್ನು ಕಂಠದವರೆಗೆ ತುಂಬಬಾರದು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತು.

"ಯಾರು ನೋಡಿದ್ರು ಅದನ್ನ?" ಅಂದ ತೀರ್ಪುಗಾರ.

"ನಾನು ನೋಡಿದೆ," ಅಂದಳು ಹೆಟ್ಟಿ, ಗೋಡೆ ಪಕ್ಕದ ಕುರ್ಚಿಯಿಂದ. "ನನ್ನ ಕಸ್ಟರ್ಡ್ ಜಗ್ಗಲ್ಲಿ."

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ.

"ಜುಲೈನಲ್ಲಿ ನಿಮಗೆ ಸಾರಿ ಹೇಳಿದ್ದೆ," ಅಂದೆ. "ಅದನ್ನ ವಾಪಸ್ ಕೊಡಿ."

"ಸಾರಿನ ವಾಪಸ್ ಕೊಡೋದು ಹೇಗಮ್ಮ?" ಅಂದ ಗ್ವಿನ್, ಮೆತ್ತಗೆ.

"ತಗೊಂಡ ಹಾಗೇ. ಎದುರಿಗೆ ನಿಂತು, ಬಾಯಿಬಿಟ್ಟು."

ಡೆಸ್ಮಂಡ್ ತನ್ನ ಬಿಯರ್ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಆಚೆ ಸರಿಸಿದ, ಮತ್ತೆ ಈಚೆ ಸರಿಸಿದ. ನಾನು ನಿಂತೇ ಇದ್ದೆ. ಎಷ್ಟು ಹೊತ್ತಾದರೂ ನಿಂತೇ ಇರುತ್ತಿದ್ದೆ.

ಹೆಟ್ಟಿ ಎದ್ದು ಬಂದು ನನ್ನ ತೋಳು ಹಿಡಿದಳು.

"ಕೂತ್ಕೋ ಲೋರ್ನಾ," ಅಂದಳು. "ಇವರಿಗೆ ಅದು ಬರಲ್ಲ. ನಲವತ್ತೊಂದು ವರ್ಷ ಆಯ್ತು, ನಾನೂ ಕಾಯ್ತಾನೇ ಇದೀನಿ."

ನಾನು ಕಾದಿದ್ದು ಎರಡು ತಿಂಗಳು. ಕುಳಿತೆ.