ಮೊಳೆ ಹೊಡೆಯಲು ಒಂದು ಗೋಡೆ

ಯಾರ ಮನೆಗೇ ಹೋಗಲಿ, ನಮ್ಮ ಬಡಗಿ ಮೇಸ್ತ್ರಿ ಮೊದಲು ವಿಚಾರಿಸಿಕೊಳ್ಳುವುದು ಮನೆಯವರನ್ನಲ್ಲ, ಅವರ ಬೀರುವನ್ನು. ನೆಟ್ಟಗೆ ಅದರ ಬಳಿ ನಡೆದು ಎಡಭುಜ ಕೊಟ್ಟು ಒಮ್ಮೆ ನೂಕುತ್ತಾನೆ. ಅದು ಕದಲದಿದ್ದರೆ ಆ ಮನೆಯವರು ಸಜ್ಜನರು, ಕದಲಿತೋ, ಎಷ್ಟೇ ಉಪಚಾರ ಮಾಡಲಿ, ಅವರ ಮೇಲೆ ಅವನಿಗೆ ಪೂರ್ಣ ವಿಶ್ವಾಸ ಹುಟ್ಟುವುದಿಲ್ಲ. “ಅಲ್ಲಾಡಬಾರ್ದು ಯಜಮಾನ್ರೇ, ವಸ್ತು ಅಂದ್ಮೇಲೆ ಅಲ್ಲಾಡಬಾರ್ದು” ಎಂಬುದು ಅವನ ಮಾತಿನ ಆದಿ, ಮಧ್ಯ, ಅಂತ್ಯ.

ನಾನು ಮೇಜು, ಕುರ್ಚಿ, ಬೀರುಗಳನ್ನು ಮಾರುವವನು. ನನ್ನ ಮಟ್ಟಿಗೆ ಅಲ್ಲಾಡುವುದೇ ವಸ್ತುವಿನ ಪರಮಗುಣ. ಅಲ್ಲಾಡದ್ದು ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಇದು ಅಲಂಕಾರದ ಮಾತಲ್ಲ. ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಅವನು ಕೆಲಸಕ್ಕೆ ಕೂತ ವರ್ಷವೇ ಒಂದು ಬಟ್ಟೆಬೀರು ಮಾಡಿದ: ಕನ್ನಡಿಯಂಥ ನುಣುಪು, ನ್ಯಾಯಾಧೀಶರಂಥ ಗಾಂಭೀರ್ಯ, ಆದರೆ ಬಾಗಿಲಿಗಿಂತ ಒಂದು ಗೇಣು ಅಗಲ. ಗಿರಾಕಿ ಬಂದು ನಿಂತಿದ್ದಾನೆ, ಹೊರುವವರು ಬೆವರುತ್ತಿದ್ದಾರೆ.

“ಬಾಗಿಲ ಅಳತೆ ತಗೊಳ್ಲಿಲ್ವೇನಯ್ಯಾ?” ಎಂದು ನಾನು ತಲೆ ಚಚ್ಚಿಕೊಂಡೆ.

“ಬಾಗ್ಲು ಚಿಕ್ಕದಾಯ್ತು, ಬೀರು ಏನ್ ಮಾಡುತ್ತೆ?” ಎಂದ.

ಆ ಬೀರು ಇಂದಿಗೂ ಅಲ್ಲೇ ಇದೆ. ನನ್ನ ಛತ್ರಿ ಅದರೊಳಗೆ ರಾಜವೈಭವದಿಂದ ನೇತಾಡುತ್ತದೆ. ಅಂದಿನಿಂದ ಕೆಲಸದವರ ಬಾಯಲ್ಲಿ ಅವನ ಹೆಸರು ‘ಗೂಟ’. ಮಡಚುವ ಕುರ್ಚಿಗೆ ಬೇಡಿಕೆ ಎಷ್ಟಿದೆಯೆಂದು ನಾನು ಎಷ್ಟು ಬಾರಿ ಗೋಗರೆದರೂ, ಗೂಟ ಒಂದನ್ನೂ ಮಾಡಿಕೊಟ್ಟವನಲ್ಲ.

ಈ ಹಟದ ಬೇರು ಇರುವುದು ಅವನ ತಂದೆಯಲ್ಲಿ. ಅವರು ಸೈನ್ಯದಲ್ಲಿದ್ದವರು, ಅವರ ದಪ್ಪ ಉಣ್ಣೆಯ ಕೋಟು, ಭುಜದ ಬಿಲ್ಲೆಗಳನ್ನು ಕಿತ್ತ ಗುರುತಿನ ಸಮೇತ, ಈಗ ಮಗನ ಮೈಮೇಲಿದೆ, ಪದಕವಿರಬೇಕಾದ ಜಾಗದಲ್ಲಿ ಒಂದು ಮೊಂಡು ಪೆನ್ಸಿಲು. ನಡಿಗೆಯೂ ಅಪ್ಪನದೇ. ಯಾರಾದರೂ ಗಟ್ಟಿಯಾಗಿ ಕರೆದರೆ ಹಿಮ್ಮಡಿಗಳೆರಡೂ ತಾವಾಗಿಯೇ ಕೂಡಿಕೊಳ್ಳುತ್ತವೆ. ಒಡನೆ ನಾಚಿ, ಬಿದ್ದ ತಿರುಪನ್ನು ಹುಡುಕುವವನಂತೆ ನೆಲ ನೋಡುತ್ತಾನೆ.

ಬಾಲ್ಯದಲ್ಲಿ ವರ್ಗಾವಣೆಯ ಆಜ್ಞೆ ಬಂತೆಂದರೆ ಮನೆಯೇ ಮಡಚಿಕೊಳ್ಳುತ್ತಿತ್ತಂತೆ: ಮಡಚುವ ಮಂಚ, ಮಡಚುವ ಮೇಜು, ಉಳಿದದ್ದೆಲ್ಲ ಒಂದು ಕಪ್ಪು ಟ್ರಂಕಿನೊಳಗೆ. ಅದರ ಮುಚ್ಚಳದ ಮೇಲೆ ಹಳೆಯ ಊರಿನ ಹೆಸರನ್ನು ಅಳಿಸಿ ಹೊಸತನ್ನು ಬರೆದು ಬರೆದು ಬಣ್ಣ ರೊಟ್ಟಿಯಷ್ಟು ದಪ್ಪವಾಗಿತ್ತು. ಹೊಸ ಮನೆಗೆ ಕಾಲಿಟ್ಟೊಡನೆ ತಂದೆಯ ಮೊದಲ ಮಾತು ಒಂದೇ: “ಸರ್ಕಾರದ ಗೋಡೆ ಕಣೋ, ಮೊಳೆ ಹೊಡೀಬೇಡ.” ತಾಯಿ ಕಸೂತಿ ಹಾಕಿ ಕಟ್ಟು ಹಾಕಿಸಿದ್ದ ಬಾತುಕೋಳಿಯ ಚಿತ್ರವೊಂದು ಹೀಗೆ ಊರೂರು ತಿರುಗಿ, ಎಲ್ಲಿಯೂ ಗೋಡೆ ಏರದೆ, ನೆಲದ ಮೇಲೆ ಒರಗಿಕೊಂಡೇ ಮುಪ್ಪಾಯಿತು. ದೊಡ್ಡವರಾದ ಮೇಲೆ ಏನಾಗುತ್ತೀರೆಂದು ಶಾಲೆಯಲ್ಲಿ ಕೇಳಿದಾಗ ಉಳಿದ ಸೈನಿಕರ ಮಕ್ಕಳು ವಿಮಾನ ಹಾರಿಸಿದರು, ದಂಡು ನಡೆಸಿದರು; ಇವನು ಎದ್ದು ನಿಂತು “ಮೊಳೆ ಹೊಡೆಯೋನಾಗ್ತೀನಿ” ಎಂದ. ತಂದೆ ಕೇಳಿ ನಕ್ಕರಂತೆ. ಆದರೆ ಆ ಸಂಜೆ ಬಾತುಕೋಳಿಯ ಮೇಲಿನ ಧೂಳನ್ನು ತಾವೇ ಒರೆಸಿದರಂತೆ.

ಮುಂದೆ ಅವನು ಬಡಗಿಯಾದ, ಮನೆ ಕಟ್ಟಿದ, ಹೆಬ್ಬೆರಳು ದಪ್ಪದ ಮೊಳೆ ಜಡಿದು ಬಾತುಕೋಳಿಯನ್ನು ಪಟ್ಟಕ್ಕೇರಿಸಿದ. ತಂದೆ ತೀರಿಕೊಂಡ ಮೇಲೆ ಆ ಟ್ರಂಕನ್ನು ಕೊಟ್ಟಿಗೆಗೆ ತಂದು, ನಾಲ್ಕು ಮೂಲೆಗೂ ಬೋಲ್ಟು ಬಿಗಿದು ನೆಲಕ್ಕೆ ಕಚ್ಚಿಸಿಬಿಟ್ಟ. “ಸಾಕಷ್ಟು ಸುತ್ತಿದೆ, ಕೂತ್ಕೊಳ್ಲಿ” ಎಂದ.

ಅಂಥವನ ಒಬ್ಬಳೇ ಮಗಳು ಸೈನ್ಯಕ್ಕೆ ಆಯ್ಕೆಯಾದಳು.

ಅವನು ಬಯ್ಯಲಿಲ್ಲ, ಅಳಲಿಲ್ಲ, ಮಾತು ಬಿಟ್ಟ. ಹುಡುಗಿ ನನ್ನಲ್ಲಿಗೆ ಬಂದಳು. “ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ಮಾಮ. ಸುಮ್ನೆ ಕೂತ್ರೆ ಏನ್ ಮಾಡ್ಲಿ? ಅಪ್ಪ ಹೂಂ ಅನ್ನದೆ ನಾನು ಹೋಗಲ್ಲ.”

“ನಿಂಗ್ಯಾಕಮ್ಮ ಈ ಹುಚ್ಚು?”

“ನಮ್ಮನೇಲಿ ಎಲ್ಲಾ ನೆಲಕ್ಕೆ ಕಚ್ಕೊಂಡಿದೆ. ನಾನೊಬ್ಬಳಾದ್ರೂ ಅಲ್ಲಾಡ್ಬೇಕಲ್ವಾ?”

ನಾನು ಉಪದೇಶ ಮಾಡುವ ಜಾತಿಯವನಲ್ಲ, ಮಾಲು ನೋಡಿ ಮಾತಾಡುವವನು. ಕೊಟ್ಟಿಗೆಗೆ ಹೋಗಿ, ಆ ಹಳೆಯ ಬೀರುವನ್ನು ತೋರಿಸಿ, “ಮಗಳನ್ನೂ ಹೀಗೇ ಮಾಡಿಟ್ಕೊಂಡೆಯಲ್ಲಯ್ಯಾ. ಬಾಗಿಲು ಚಿಕ್ಕದಾಯ್ತು” ಎಂದಷ್ಟೇ ಹೇಳಿದೆ. ಅವನು ಉಜ್ಜುಗೊರಡು ಕೆಳಗಿಟ್ಟ, ಅಷ್ಟೆ.

ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಕಬ್ಬಿಣ ಕಿರುಗುಟ್ಟುತ್ತಿತ್ತು. ಕೋಟು ತೊಟ್ಟುಕೊಂಡೇ ಮೇಸ್ತ್ರಿ ನೆಲದ ಮೇಲೆ ಅಂಗಾತ ಮಲಗಿ, ತುಕ್ಕು ಹಿಡಿದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಸಂಜೆ ಮಗಳನ್ನು ಕರೆದು ಟ್ರಂಕು ತೆರೆದು ತೋರಿಸಿದ. ಮುಚ್ಚಳದ ಒಳಮೈಗೆ ಪೂರ್ತಿ ಒಂದು ಹಲಗೆ ಕೂರಿಸಿದ್ದ. ಅದರ ನಡುವೆ, ಮನೆಯ ಗೋಡೆಯಿಂದ ಇಳಿದು ಬಂದ ಬಾತುಕೋಳಿ.

“ಅಲ್ಲಿ ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ ಕಣಮ್ಮ. ನಿಂಗೆ ಬೇಕಾದ್ದು ಇದಕ್ಕೆ ಹೊಡ್ಕೋ. ಯಾರೂ ಕೇಳಲ್ಲ.”

ಅವಳು ಹೊರಟ ದಿನ ರೈಲು ನಿಲ್ದಾಣದ ಕಟ್ಟೆಯ ಮೇಲೆ, ಮೇಸ್ತ್ರಿ ಅಭ್ಯಾಸಬಲದಿಂದ ಎಡಭುಜ ಕೊಟ್ಟು ಟ್ರಂಕನ್ನು ಒಮ್ಮೆ ನೂಕಿದ. ಅದು ಸರಾಗವಾಗಿ ಸರಿಯಿತು. ಅವನು ನನ್ನ ಮುಖ ನೋಡಿದ. ನಾನು ರೈಲಿನ ಕಡೆ ನೋಡಿದೆ.

ಸೈನಿಕರ ಮಕ್ಕಳಲ್ಲಿ ಕೆಲವರು ತಂದೆಯ ಹೆಜ್ಜೆ ಹಿಡಿಯುತ್ತಾರೆ, ಕೆಲವರು ಆ ಹೆಜ್ಜೆಯ ಸದ್ದೇ ಕೇಳಿಸದಂಥ ಕಸುಬು ಹುಡುಕಿಕೊಳ್ಳುತ್ತಾರೆ. ಜನ ಮೊದಲಿನವರನ್ನು ಮೆಚ್ಚಿ, ಎರಡನೆಯವರನ್ನು ಕಂಡು ಲೊಚಗುಟ್ಟುತ್ತಾರೆ. ನಾನು ಹತ್ತಿರದಿಂದ ಕಂಡದ್ದು ಈ ಎರಡನೆಯವರನ್ನೇ. ಚಿಕ್ಕಂದಿನ ಮನೆಯಲ್ಲಿ ಯಾವುದು ಇರಲಿಲ್ಲವೋ ಅದನ್ನು ಕಟ್ಟಿಕೊಳ್ಳುವುದರಲ್ಲೇ ಗೂಟನಂಥವರ ಆಯುಷ್ಯವೆಲ್ಲ ಕಳೆಯುತ್ತದೆ. ಮತ್ತೆ ಅದನ್ನು ತಮ್ಮ ಮಕ್ಕಳಿಗೆ ಎಷ್ಟು ಧಾರಾಳವಾಗಿ ಬಡಿಸುತ್ತಾರೆಂದರೆ, ಆ ಮಕ್ಕಳು ಹೊಟ್ಟೆ ತುಂಬಿದವರಂತೆ ಎದ್ದು, ಬಾಗಿಲಿನ ಕಡೆ ನಡೆಯುತ್ತಾರೆ.