ಕೇಳಿಸಲಿಲ್ಲ

"ಸೌಂಡ್ ಕಮ್ಮಿ ಮಾಡ್ರೀ, ಪಕ್ಕದ ಮನೆಯವರಿಗೂ ಪ್ರೀತಿ ಹುಟ್ಟೀತು," ಎಂದಳು ಹೆಂಡತಿ. ಎಂದಳು ಅನ್ನುವುದಕ್ಕಿಂತ ಗೊರಗುಟ್ಟಿದಳು ಅನ್ನಬೇಕು. ಆರು ತಿಂಗಳಿಂದ ಅವಳ ಗಂಟಲು ಅಷ್ಟಕ್ಕೇ ಬಂದು ನಿಂತಿತ್ತು.

ಗಂಡ ರಿಮೋಟು ಮುಟ್ಟಲಿಲ್ಲ. ಎರಡು ಗಂಟೆಗೆ ಟ್ಯಾಕ್ಸಿ ಬರುತ್ತದೆ. ನಾಳೆ ಬೆಳಗ್ಗೆ ಡಾಕ್ಟರು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುತ್ತಾರೆ. ಗೆಡ್ಡೆ ಅಲ್ಲೇ ಬೇರು ಬಿಟ್ಟಿದೆಯಂತೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇನ್ನು ಮೇಲೆ ಉಸಿರು ಕತ್ತಿನ ತೂತಿನಿಂದ ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಮೂವತ್ತು ವರ್ಷ ಊರವರ ಏಸಿ ರಿಪೇರಿ ಮಾಡಿದ ಮನುಷ್ಯ ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ್ದ, ಬೇರೆ ಏನಾದರೂ ದಾರಿ ಕಂಡೀತೇ ಎಂದು. ಕಾಣಲಿಲ್ಲ.

ಟಿವಿಯಲ್ಲಿ ಓಡುತ್ತಿದ್ದದ್ದು ಒಂದು ಕಾಲದಲ್ಲಿ ಮನೆಮನೆಯ ಹುಡುಗ ಹುಡುಗಿಯರ ತಲೆ ಕೆಡಿಸಿದ ಸಿನಿಮಾ. ಒಂದೇ ದೋಣಿಯಲ್ಲಿ ಶಾಲೆಗೆ ಹೋಗುವ ಇಬ್ಬರು, ಹತ್ತನೇ ಕ್ಲಾಸು, ಮೊದಲ ಪ್ರೀತಿ. ಮುಖ ಯಾರೋ ನಟಿಯದು. ಧ್ವನಿ ಮಾತ್ರ ಇವಳದು, ಹತ್ತೊಂಬತ್ತರ ಧ್ವನಿ. ಆ ಸಿನಿಮಾವನ್ನು ಅವನು ಹನ್ನೊಂದು ಸಲ ನೋಡಿದ್ದ, ಊರಿನ ಪಡ್ಡೆಗಳ ಹಾಗೆ ಪರದೆಯ ಮೇಲಿನ ಮುಖವನ್ನೇ ನಂಬಿಕೊಂಡು. ಆಮೇಲೊಂದು ದಿನ ಡಬ್ಬಿಂಗ್ ಸ್ಟುಡಿಯೋದ ಏಸಿ ಬಿಚ್ಚಿ ಕೂತಿದ್ದಾಗ ಗಾಜಿನಾಚೆಯಿಂದ ಒಬ್ಬಳು ಕಡ್ಡಿಯಂಥ ಹುಡುಗಿ ಬಂದು ಸೊಂಟದ ಮೇಲೆ ಕೈಯಿಟ್ಟಳು: "ಏಸಿಯವರೇ, ನಿಮ್ಮ ಗಡಗಡ ಸ್ವಲ್ಪ ನಿಲ್ಲಿಸ್ತೀರಾ? ನಾನಿಲ್ಲಿ ಅಳಬೇಕು." ಅಬ್ಬಾ, ಅದೇ ಧ್ವನಿ! ಸ್ಕ್ರೂಡ್ರೈವರು ಕೈಯಿಂದ ಜಾರಿ ಬಿತ್ತು. ಬಡಪಾಯಿ ಅವತ್ತೇ ಕೆಟ್ಟ.

"ನಾಳೆಯೂ ನನ್ನ ಪಕ್ಕದಲ್ಲೇ ಕೂರ್ತೀಯಾ?" ಎಂದು ದೋಣಿಯ ಹುಡುಗಿ ಕೇಳುತ್ತಿದ್ದಳು.

"ನೋಡು, ಇದು ಎಲ್ಲೂ ಹೋಗಲ್ಲ," ಎಂದ ಗಂಡ. ಬೆಳಗಿನಿಂದ ಈ ಒಂದು ಮಾತನ್ನು ಹಿಡಿದುಕೊಂಡೇ ಅವನು ಉಸಿರಾಡುತ್ತಿದ್ದ. "ಬೇಕಾದಾಗ ಹಾಕ್ಕೊಂಡು ಕೇಳ್ಬಹುದು."

ಅವಳು ಪರದೆಯನ್ನೇ ನೋಡಿದಳು. "ಇದು ನಾನಲ್ಲ ಕಣ್ರೀ. ಇದರಲ್ಲಿ ನಿಮ್ಮನ್ನ ಎಲ್ಲಿ ಬೈದಿದ್ದೀನಿ?"

ಹೌದಲ್ಲ! ಆ ಧ್ವನಿ ಅವನಿಗೆ ಕಾಲು ಒರೆಸಿಕೊಂಡು ಬನ್ನಿ ಎಂದಿರಲಿಲ್ಲ. ತರಕಾರಿಯವನ ಜೊತೆ ಜಗಳ ಆಡಿರಲಿಲ್ಲ, ನಿದ್ದೆಯಲ್ಲಿ ಕನವರಿಸಿರಲಿಲ್ಲ. ಇವನು ಬದುಕಿದ್ದೆಲ್ಲ ಇನ್ನೊಂದು ಧ್ವನಿಯ ಜೊತೆ. ಅದು ಎಲ್ಲಿಯೂ ರೆಕಾರ್ಡ್ ಆಗಿರಲಿಲ್ಲ. ತಡವರಿಸುತ್ತಾ ಜೇಬಿನಿಂದ ಫೋನು ತೆಗೆದ.

"ಹಾಗಾದ್ರೆ ಈಗ ಬೈಯಿ. ನಿನ್ನ ಕಾಲಿಗೆ ಬೀಳ್ತೀನಿ, ಏನಾದ್ರೂ ಅನ್ನು."

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಯಾಕ್ರೀ ಇಷ್ಟು ಲೇಟು? ಎಷ್ಟು ಹೊತ್ತಿಂದ ಕಾಯ್ತಿದೀನಿ ಗೊತ್ತಾ?" ಗೊರಗೊರದಲ್ಲೂ ಏರಬೇಕಾದಲ್ಲಿ ಏರಿ, ನಿಲ್ಲಬೇಕಾದಲ್ಲಿ ನಿಂತು, ಕೊನೆಗೊಂದು ಸಣ್ಣ ನಿಟ್ಟುಸಿರು. ಅಪ್ಪಟ ಡೈಲಾಗು. ಇಬ್ಬರಿಗೂ ಅದು ಗೊತ್ತಾಯಿತು.

"ಆಗಲ್ಲ ರೀ," ಎಂದಳು. "ಮೈಕ್ ಕಂಡ್ರೆ ಸಾಕು, ಗಂಟಲು ಬೇರೆಯವಳದಾಗುತ್ತೆ. ಹೊಟ್ಟೆಪಾಡಿನ ಅಭ್ಯಾಸ. ಒಳಗಿಡಿ ಅದನ್ನ."

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಆಸ್ಪತ್ರೆಗೆ ಬಿಸಿನೀರು ತುಂಬಿಕೊಳ್ಳಲು ಎದ್ದು ಅಡುಗೆಮನೆಗೆ ಹೋದಳು. ಅವನು ಫೋನನ್ನು ಡ್ರಾಯರಿಗೆ ಹಾಕಿದ. ಸಿನಿಮಾದ ಸದ್ದನ್ನೂ ಪೂರ್ತಿ ತೆಗೆದುಬಿಟ್ಟ. ಅದನ್ನು ಕೇಳುವುದು ಅವನಿಂದ ಆಗುತ್ತಿರಲಿಲ್ಲ.

"ಏನ್ರೀ."

ಬಂದೆ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಇದು ಡೈಲಾಗಲ್ಲ.

"ಏನ್ರೀ, ಫ್ಲಾಸ್ಕಿನ ಮುಚ್ಚಳ ಎಲ್ಲಿಟ್ರಿ?"

ಫ್ರಿಜ್ಜಿನ ಮೇಲಿದೆ. ಇಟ್ಟವನು ಅವನೇ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತ.

"ರೀ! ಕಿವಿ ಏನು ಅಡ ಇಟ್ಟಿದ್ದೀರಾ?"

ಹೊರಗೆ ಟ್ಯಾಕ್ಸಿಯ ಹಾರನ್ ಕೇಳಿಸಿತು. ಅವಳು ಹೆಗಲ ಮೇಲೆ ಟವೆಲು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮುಚ್ಚಳ ಆಗಲೇ ಕೈಯಲ್ಲಿತ್ತು.

"ಅಷ್ಟು ಕೂಗಿದೆ. ಕೇಳಿಸ್ಲಿಲ್ವಾ?"

"ಇಲ್ಲ," ಎಂದ. ಗದ್ದದವರೆಗೂ ಅವನ ಮುಖ ಒದ್ದೆಯಾಗಿತ್ತು.

ಅವಳು ಅವನನ್ನೇ ನೋಡುತ್ತಾ ನಿಂತಳು. ಹಾರನ್ ಮತ್ತೆ ಆಯಿತು. ತಿರುಗಿ ಅಡುಗೆಮನೆಯೊಳಕ್ಕೆ ಹೋದಳು.

"ಏನ್ರೀ," ಎಂದು ಕರೆದಳು.